ಯಂತ್ರ ಯಾರ ಶರೀರ? ದೂರಪ್ರವೇಶ ತಂತ್ರಾಂಶದ ಆಯ್ಕೆಯೂ ರಾಮಾನುಜರ ಶರೀರಲಕ್ಷಣವೂ

ಒಂದು ಕಂಪ್ಯೂಟರಿನ ಮುಂದೆ ಕುಳಿತು ಬೇರೆಡೆ ಇರುವ ಇನ್ನೊಂದು ಕಂಪ್ಯೂಟರನ್ನು ನಡೆಸಲು ಅನುವು ಮಾಡಿಕೊಡುವ ತಂತ್ರಾಂಶಕ್ಕೆ ರಿಮೋಟ್ ಆಕ್ಸೆಸ್ ತಂತ್ರಾಂಶವೆಂಬ ಹೆಸರು ರೂಢಿಯಲ್ಲಿದೆ. ಇಲ್ಲಿ ಅದನ್ನು ದೂರಪ್ರವೇಶ ತಂತ್ರಾಂಶವೆಂದು ಕರೆಯಲಾಗಿದೆ. ಒಂದೇ ರೂಟರಿಗೆ ಸೇರಿಕೊಂಡ ಮನೆಯ ಎರಡು ಮೂರು ಯಂತ್ರಗಳ ನಡುವೆಯಾಗಲಿ, ಮನೆ ಬಿಟ್ಟು ದೂರದ ಊರಿನಲ್ಲಿರುವವರು ಮನೆಯ ಯಂತ್ರವನ್ನು ತಲುಪುವುದಕ್ಕಾಗಲಿ ಇಂಥ ತಂತ್ರಾಂಶವನ್ನು ಆರಿಸಬೇಕಾಗಿ ಬಂದಾಗ, ವೇಗ, ಬೆಲೆ, ಬಳಕೆಯ ಸರಳತೆ ಇವುಗಳನ್ನು ತೂಗಿ ನೋಡುವುದು ವಾಡಿಕೆ. ಆ ತೂಕ ಬೇಕಾದದ್ದೇ. ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ, ತತ್ತ್ವಶಾಸ್ತ್ರಕ್ಕೆ ಸೇರಿದ ಪ್ರಶ್ನೆಯೊಂದಿದೆ: ಒಬ್ಬರ ಎದುರಿಗಿರುವ ಯಂತ್ರವನ್ನು ಇನ್ನೊಬ್ಬರು ದೂರದಿಂದ ನಡೆಸುತ್ತಿರುವಾಗ ಆ ಯಂತ್ರ ಯಾರದು, ಅಲ್ಲಿ ನಡೆದ ಕ್ರಿಯೆಗೆ ಕರ್ತೃ ಯಾರು, ನಡೆಸುವ ಶಕ್ತಿ ಇದ್ದ ಮಾತ್ರಕ್ಕೆ ನಡೆಸುವ ಅಧಿಕಾರವೂ ಬಂದುಬಿಡುತ್ತದೆಯೇ? ಈ ಪ್ರಶ್ನೆಯನ್ನು ಅಳೆಯಲು ತಕ್ಕ ಅಳತೆಗೋಲೊಂದು ವಿಶಿಷ್ಟಾದ್ವೈತ ವೇದಾಂತದಲ್ಲಿದೆ; ಅದು ಶ್ರೀಭಾಷ್ಯದಲ್ಲಿ ರಾಮಾನುಜರು ನಿರೂಪಿಸಿದ ಶರೀರಲಕ್ಷಣ, ಎಂದರೆ ಶರೀರವೆಂದರೆ ಏನೆಂಬುದರ ನಿಷ್ಕೃಷ್ಟ ನಿರ್ವಚನ.

ದೂರಪ್ರವೇಶದಲ್ಲಿ ನಿಜವಾಗಿ ನಡೆಯುವುದು ಏನೆಂಬುದನ್ನು ಮೊದಲು ತಿಳಿಯಬೇಕು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ ಸಂಶೋಧನಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ ವರ್ಚುವಲ್ ನೆಟ್‌ವರ್ಕ್ ಕಂಪ್ಯೂಟಿಂಗ್, ಸಂಕ್ಷೇಪವಾಗಿ ವಿಎನ್‌ಸಿ, ಎಂಬ ಪದ್ಧತಿ ಇದಕ್ಕೆ ಅತ್ಯಂತ ಸರಳವಾದ ಉದಾಹರಣೆ. ಅದರಲ್ಲಿ ದೂರದ ಯಂತ್ರವು ತನ್ನ ಪರದೆಯ ಯಾವ ಭಾಗ ಬದಲಾಯಿತೋ ಆ ಭಾಗದ ಚಿತ್ರವನ್ನು ಚೌಕಚೌಕವಾಗಿ ಕಳುಹಿಸುತ್ತದೆ. ಈಚೆಯ ಯಂತ್ರವು ಯಾವ ಕೀಲಿ ಒತ್ತಲ್ಪಟ್ಟಿತು, ಮೌಸ್ ಎಲ್ಲಿಗೆ ಸರಿಯಿತು ಎಂಬ ಸುದ್ದಿಯನ್ನು ಮಾತ್ರ ಹಿಂದಿರುಗಿಸುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆ 1998ರಲ್ಲಿ ವಿಂಡೋಸ್ ಎನ್‌ಟಿಯ ಟರ್ಮಿನಲ್ ಸರ್ವರ್ ಆವೃತ್ತಿಯೊಂದಿಗೆ ತಂದ ರಿಮೋಟ್ ಡೆಸ್ಕ್‌ಟಾಪ್ ಪ್ರೋಟೋಕಾಲ್, ಎಂದರೆ ಆರ್‌ಡಿಪಿ, ಇದೇ ಕೆಲಸವನ್ನು ಬೇರೆ ಬಗೆಯಲ್ಲಿ ಮಾಡುತ್ತದೆ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡುಗಳನ್ನು ಕದ್ದಾಲಿಸಿದ ಪ್ರಕರಣವೊಂದರ ತರುವಾಯ ತಾತು ಯ್ಲೋನೆನ್ 1995ರಲ್ಲಿ ರಚಿಸಿದ ಎಸ್‌ಎಸ್‌ಎಚ್ ಎಂಬ ಪದ್ಧತಿಯಲ್ಲಿ ಮೂಲತಃ ಚಿತ್ರವೇ ಇಲ್ಲ. ಅಕ್ಷರಗಳಲ್ಲಿ ಬರೆದ ಆದೇಶಗಳು ಗೂಢಲಿಪಿಯಲ್ಲಿ ಹೋಗುತ್ತವೆ, ಉತ್ತರಗಳು ಹಾಗೆಯೇ ಬರುತ್ತವೆ. ಮೂರರಲ್ಲಿಯೂ ಸಾಮಾನ್ಯವಾದ ಅಂಶವೆಂದರೆ, ಜ್ಞಾನೇಂದ್ರಿಯಗಳಲ್ಲಿ ಒಂದೆರಡರ ಪಾಲು ಮಾತ್ರ ಆಚೆಯಿಂದ ಈಚೆಗೆ ಬರುತ್ತದೆ ಮತ್ತು ಕರ್ಮೇಂದ್ರಿಯಗಳಲ್ಲಿ ಬೆರಳಿನ ಪಾಲು ಮಾತ್ರ ಈಚೆಯಿಂದ ಆಚೆಗೆ ಹೋಗುತ್ತದೆ. ದೂರದಲ್ಲಿರುವವರಿಗೆ ಪರದೆ ಕಾಣುತ್ತದೆ, ಅದರ ಮುಂದೆ ಕುಳಿತವರ ಮುಖ ಕಾಣುವುದಿಲ್ಲ. ಯಂತ್ರವನ್ನು ಬದಲಾಯಿಸುವ ಶಕ್ತಿ ಪೂರ್ತಿಯಾಗಿ ದೊರೆಯುತ್ತದೆ, ಆ ಯಂತ್ರವಿರುವ ಮನೆಯ ಅರಿವು ಕಿಂಚಿತ್ತೂ ದೊರೆಯುವುದಿಲ್ಲ. ಈ ಅಸಮತೆಯೇ ಮುಂದಿನ ವಿಚಾರಕ್ಕೆಲ್ಲ ಮೂಲ.

ಪಾಶ್ಚಾತ್ಯ ಚಿಂತಕರು ಈ ಸ್ಥಿತಿಯನ್ನು ಹೆಚ್ಚಾಗಿ ಸಾನ್ನಿಧ್ಯದ ಪ್ರಶ್ನೆಯಾಗಿ ನೋಡಿದ್ದಾರೆ. ಮಾರ್ವಿನ್ ಮಿನ್ಸ್ಕಿ 1980ರಲ್ಲಿ ದೂರಸಾನ್ನಿಧ್ಯವೆಂಬ ಕಲ್ಪನೆಯನ್ನು ಮುಂದಿಟ್ಟು, ದೂರದ ಕೆಲಸವನ್ನು ಅಲ್ಲಿಯೇ ಇದ್ದಂತೆ ಮಾಡಬಲ್ಲ ಕಾಲವನ್ನು ಉತ್ಸಾಹದಿಂದ ಚಿತ್ರಿಸಿದರು; ಹ್ಯೂಬರ್ಟ್ ಡ್ರೈಫಸ್ 2001ರ ತಮ್ಮ ಪುಸ್ತಕದಲ್ಲಿ, ದೇಹವನ್ನು ಹಿಂದೆ ಬಿಟ್ಟು ಹೋದ ಸಾನ್ನಿಧ್ಯಕ್ಕೆ ಅಪಾಯದ ಅರಿವಿರುವುದಿಲ್ಲ, ಆದ್ದರಿಂದ ಅದಕ್ಕೆ ಜಗತ್ತಿನ ಮೇಲೆ ನಿಜವಾದ ಹಿಡಿತವೂ ಇರುವುದಿಲ್ಲ ಎಂಬ ದಿಕ್ಕಿನಲ್ಲಿ ವಾದಿಸಿದರು. ಎರಡೂ ಬೆಲೆಯುಳ್ಳ ಮಾತುಗಳೇ. ಆದರೆ ಮನೆಯ ಯಂತ್ರಕ್ಕೆ ಒಂದು ತಂತ್ರಾಂಶವನ್ನು ಆರಿಸಬೇಕಾದವರಿಗೆ, ದೂರದವನು ಅಲ್ಲಿ ನಿಜವಾಗಿ ಇದ್ದಾನೆಯೇ ಎಂಬುದಕ್ಕಿಂತ ಅಲ್ಲಿ ಇರಲು ಅವನಿಗೆ ಏನು ಅಧಿಕಾರ ಎಂಬುದು ಹತ್ತಿರದ ಪ್ರಶ್ನೆ. ಅದಕ್ಕೆ ಸಾನ್ನಿಧ್ಯದ ಮೀಮಾಂಸೆ ಸಾಲದು, ಸಂಬಂಧದ ಮೀಮಾಂಸೆ ಬೇಕು.

ರಾಮಾನುಜರ ಲಕ್ಷಣ ಹುಟ್ಟಿದ್ದು ಒಂದು ತೊಡಕಿನಿಂದ. ಬೃಹದಾರಣ್ಯಕೋಪನಿಷತ್ತಿನ ಅಂತರ್ಯಾಮಿಬ್ರಾಹ್ಮಣವು ಪೃಥಿವಿ, ಜಲ, ಅಗ್ನಿ ಮೊದಲಾದ ಸಕಲವನ್ನೂ ಪರಮಾತ್ಮನ ಶರೀರವೆಂದು ಹೇಳಿ, ಅವನು ಅವುಗಳೊಳಗಿದ್ದು ಅವುಗಳನ್ನು ನಿಯಮಿಸುತ್ತಾನೆಂದು ಸಾರುತ್ತದೆ. ನ್ಯಾಯಸೂತ್ರವೋ ಶರೀರವನ್ನು ಚೇಷ್ಟೆಗೆ, ಇಂದ್ರಿಯಗಳಿಗೆ ಮತ್ತು ಅವುಗಳ ಮೂಲಕ ಬರುವ ಸುಖದುಃಖಗಳಿಗೆ ಆಶ್ರಯವಾದದ್ದೆಂದು ನಿರ್ವಚಿಸುತ್ತದೆ. ಮಣ್ಣಿಗೂ ನೀರಿಗೂ ಇಂದ್ರಿಯಗಳಿಲ್ಲ. ಹಾಗಾದರೆ ಶ್ರುತಿಯ ಮಾತು ಬರಿಯ ಉಪಚಾರವಾಗಬೇಕು, ಇಲ್ಲವೇ ಲಕ್ಷಣವೇ ಬದಲಾಗಬೇಕು. ರಾಮಾನುಜರು ಲಕ್ಷಣವನ್ನು ಬದಲಾಯಿಸಿದರು. ಅವರ ಪ್ರಕಾರ ಕೈಕಾಲುಗಳಿಂದಲೋ ರಕ್ತಮಾಂಸಗಳಿಂದಲೋ ಶರೀರವು ಶರೀರವಾಗುವುದಿಲ್ಲ. ಯಾವ ದ್ರವ್ಯವನ್ನು ಒಬ್ಬ ಚೇತನನು ತನ್ನ ಪ್ರಯೋಜನಕ್ಕಾಗಿ ಪೂರ್ತಿಯಾಗಿ ನಿಯಮಿಸಬಲ್ಲನೋ, ಯಾವುದನ್ನು ಧರಿಸಿ ಉಳಿಸಬಲ್ಲನೋ, ಯಾವುದರ ಇರವೇ ಅವನಿಗೆ ಅಧೀನವಾಗಿ ಅವನಿಗೋಸ್ಕರವೇ ಇರುತ್ತದೆಯೋ ಆ ದ್ರವ್ಯ ಅವನ ಶರೀರ. ಸಂಪ್ರದಾಯದ ಪರಿಭಾಷೆಯಲ್ಲಿ ಇವುಗಳಿಗೆ ನಿಯಾಮ್ಯತ್ವ, ಧಾರ್ಯತ್ವ, ಶೇಷತ್ವ ಎಂದು ಹೆಸರು: ನಡೆಸಲ್ಪಡುವುದು, ಎತ್ತಿಹಿಡಿಯಲ್ಪಡುವುದು, ಇನ್ನೊಬ್ಬರ ಸಲುವಾಗಿ ಇರುವುದು. ಮೇಲುಕೋಟೆಯಲ್ಲಿ ಹಲವು ವರ್ಷ ನೆಲೆಸಿದರೆಂದು ಸಂಪ್ರದಾಯವು ಸ್ಮರಿಸುವ ಈ ಆಚಾರ್ಯರ ಉದ್ದೇಶ ಜೀವ, ಜಗತ್ತು, ಈಶ್ವರರ ಸಂಬಂಧವನ್ನು ಹೇಳುವುದಾಗಿತ್ತೇ ಹೊರತು ಯಂತ್ರಗಳ ವಿಚಾರವಲ್ಲ. ಅವರ ಲಕ್ಷಣವನ್ನು ಕಂಪ್ಯೂಟರಿಗೆ ಅನ್ವಯಿಸುವುದು ಒಂದು ಪ್ರಯೋಗ ಮಾತ್ರ. ಆದರೂ ಆಕೃತಿಯನ್ನು ಬಿಟ್ಟು ಸಂಬಂಧವನ್ನೇ ಹಿಡಿದ ಲಕ್ಷಣವಾದ್ದರಿಂದ, ಅದು ಸ್ವಭಾವತಃ ಇಂಥ ಪ್ರಯೋಗವನ್ನು ತಾಳಿಕೊಳ್ಳುತ್ತದೆ.

ಈ ಅಳತೆಗೋಲನ್ನು ಇಟ್ಟು ನೋಡಿದರೆ, ದೂರದ ಊರಿನಿಂದ ಮಗನೋ ಮಗಳೋ ತಾಯಿಯ ಮನೆಯ ಕಂಪ್ಯೂಟರನ್ನು ನಡೆಸುತ್ತಿರುವ ಸಾಮಾನ್ಯ ಸಂದರ್ಭದಲ್ಲಿ ಮೂರು ಸಂಬಂಧಗಳೂ ಬೇರೆ ಬೇರೆಯಾಗಿ ಬಿಚ್ಚಿಕೊಳ್ಳುತ್ತವೆ. ಆ ಹೊತ್ತಿಗೆ ಯಂತ್ರವನ್ನು ನಿಯಮಿಸುತ್ತಿರುವುದು ದೂರದ ಮಗನೋ ಮಗಳೋ. ಅದನ್ನು ಧರಿಸಿರುವುದು, ಎಂದರೆ ವಿದ್ಯುತ್ತು ಕೊಟ್ಟು, ಧೂಳು ಒರೆಸಿ, ಇಂಟರ್ನೆಟ್ಟಿನ ಬಿಲ್ಲು ಕಟ್ಟಿ ಉಳಿಸಿಕೊಂಡಿರುವುದು ತಾಯಿ. ಅದು ಇರುವುದು ಯಾರಿಗೋಸ್ಕರ ಎಂದರೆ, ತಾಯಿಯ ಬ್ಯಾಂಕಿನ ವ್ಯವಹಾರಕ್ಕೆ, ಅವರ ಫೋಟೋಗಳಿಗೆ, ಅವರ ಬರವಣಿಗೆಗೆ. ಮೂರರಲ್ಲಿ ಒಂದು ಮಾತ್ರ ದೂರದವರ ಪಾಲಿಗೆ ಬಂದಿದೆ, ಅದೂ ತಾತ್ಕಾಲಿಕವಾಗಿ. ಆದ್ದರಿಂದ ಆ ಯಂತ್ರ ತಾಯಿಯದಾಗಿಯೇ ಉಳಿಯುತ್ತದೆ; ದೂರದವರ ನಿಯಂತೃತ್ವವು ಸ್ವತಂತ್ರವಾದ ಅಧಿಕಾರವಾಗದೆ ಕೊಡಲ್ಪಟ್ಟ ಅಧಿಕಾರವಾಗುತ್ತದೆ. ಎಲ್ಲ ಸಂದರ್ಭವೂ ಹೀಗಲ್ಲ. ತನ್ನದೇ ಮೇಜಿನ ಕಂಪ್ಯೂಟರನ್ನು ಪ್ರವಾಸದಲ್ಲಿದ್ದಾಗ ಲ್ಯಾಪ್‌ಟಾಪಿನಿಂದ ತಲುಪುವವನಿಗೆ ಮೂರು ಸಂಬಂಧಗಳೂ ಒಬ್ಬನಲ್ಲಿಯೇ ಕೂಡಿರುತ್ತವೆ. ತಂತ್ರಾಂಶದ ಆಯ್ಕೆಯಲ್ಲಿ ಮೊದಲ ಕವಲು ಬರುವುದು ಇಲ್ಲಿಯೇ, ಮತ್ತು ಆಶ್ಚರ್ಯದ ಮಾತೆಂದರೆ ಈ ಕವಲು ತಂತ್ರಾಂಶಗಳ ರಚನೆಯಲ್ಲಿಯೇ ಅಡಗಿದೆ.

ಅದನ್ನು ಬಿಡಿಸಿ ನೋಡಲು ಹಳೆಯ ಕಥೆಯೊಂದು ನೆರವಾಗುತ್ತದೆ. ಶಂಕರಾಚಾರ್ಯರ ಜೀವನವನ್ನು ಹೇಳುವ, ಮಾಧವರ ಹೆಸರಿನಲ್ಲಿ ಪ್ರಸಿದ್ಧವಾದ ಶಂಕರವಿಜಯ ಕಾವ್ಯದಲ್ಲಿ ಪರಕಾಯಪ್ರವೇಶದ ಪ್ರಸಂಗವಿದೆ. ಮಂಡನಮಿಶ್ರರ ಪತ್ನಿ ಉಭಯಭಾರತಿಯೊಡನೆ ನಡೆದ ವಾದಕ್ಕೆ ಬೇಕಾದ ಅನುಭವವನ್ನು ಪಡೆಯಲು ಯತಿಯು ತನ್ನ ದೇಹವನ್ನು ಗುಹೆಯೊಂದರಲ್ಲಿ ಶಿಷ್ಯರ ಕಾವಲಿನಲ್ಲಿಟ್ಟು, ಆಗಷ್ಟೇ ಮೃತನಾಗಿದ್ದ ಅಮರುಕರಾಜನ ದೇಹವನ್ನು ಹೊಗುತ್ತಾನೆ. ಕಥೆಯ ನೈತಿಕ ಚೌಕಟ್ಟಿನಲ್ಲಿ ಎರಡು ಅಂಶಗಳು ಎದ್ದು ಕಾಣುತ್ತವೆ: ಹೊಕ್ಕ ದೇಹದಲ್ಲಿ ಆ ಹೊತ್ತಿಗೆ ಬೇರೆ ಜೀವ ಇರಲಿಲ್ಲ, ಬಿಟ್ಟುಬಂದ ದೇಹವು ಕಾವಲಿಲ್ಲದೆ ಇರಲಿಲ್ಲ. ಯೋಗಸೂತ್ರದ ವಿಭೂತಿಪಾದವೂ ಪರಶರೀರದ ಆವೇಶವನ್ನು ಸಿದ್ಧಿಗಳಲ್ಲಿ ಒಂದಾಗಿ ಎಣಿಸುತ್ತದೆಯಾದರೂ, ಒಬ್ಬನು ಎಚ್ಚರವಾಗಿ ಕುಳಿತಿರುವ ದೇಹಕ್ಕೆ ಇನ್ನೊಬ್ಬನು ಹೊಕ್ಕರೆ ಇಬ್ಬರ ನಡುವೆ ಮರ್ಯಾದೆ ಹೇಗಿರಬೇಕೆಂಬುದು ಅಲ್ಲಿನ ಪ್ರಶ್ನೆಯಲ್ಲ. ಮನೆಯ ಯಂತ್ರದ ವಿಷಯದಲ್ಲಿ ಅದೇ ಮುಖ್ಯ ಪ್ರಶ್ನೆ. ಸಾಮಾನ್ಯ ಬಳಕೆಯ ವಿಂಡೋಸ್ ಯಂತ್ರವೊಂದಕ್ಕೆ ಆರ್‌ಡಿಪಿಯ ಮೂಲಕ ಪ್ರವೇಶಿಸಿದರೆ ಎದುರಿಗೆ ಕುಳಿತವರ ಪರದೆ ಮುಚ್ಚಿಕೊಂಡು ಬೀಗ ಬೀಳುತ್ತದೆ. ಒಂದು ಹೊತ್ತಿಗೆ ಒಬ್ಬರೇ ಒಳಗಿರಬಹುದು. ವಿಎನ್‌ಸಿಯಲ್ಲಿ ಸಾಮಾನ್ಯವಾಗಿ ಇಬ್ಬರೂ ಒಂದೇ ಪರದೆಯನ್ನು ನೋಡುತ್ತಾರೆ, ಒಬ್ಬರ ಮೌಸ್ ಓಡಿದ್ದು ಇನ್ನೊಬ್ಬರಿಗೆ ಕಾಣುತ್ತದೆ, ಬೇಡವೆನಿಸಿದರೆ ಎದುರಿಗಿದ್ದವರು ಕೈ ಹಾಕಿ ತಡೆಯಬಹುದು. ಮೊದಲನೆಯದು ಪರಕಾಯಪ್ರವೇಶದ ಮಾದರಿ, ಎರಡನೆಯದು ಸಹವಾಸದ ಮಾದರಿ.

ತನ್ನದೇ ಯಂತ್ರವನ್ನು ತಲುಪುವವನಿಗೆ ಮೊದಲನೆಯದು ಒಪ್ಪುತ್ತದೆ. ಅವನ ಕೆಲಸವನ್ನು ಮನೆಯಲ್ಲಿ ಹಾದುಹೋಗುವವರು ಪರದೆಯ ಮೇಲೆ ಓದಬೇಕಾದ ಅಗತ್ಯವಿಲ್ಲ. ಆದರೆ ಹಿರಿಯರಿಗೆ ನೆರವಾಗುವ ನೆಪದಲ್ಲಿ ಅವರ ಪರದೆಯನ್ನು ಕತ್ತಲಾಗಿಸಿ, ಒಳಗೆ ಏನೋ ಸರಿಪಡಿಸಿ, ಮತ್ತೆ ತೆರೆದುಕೊಡುವುದು ನೆರವಿನ ರೂಪದಲ್ಲಿರುವ ಅನಾದರ. ತನ್ನ ಎದುರಿಗೇ ನಡೆದ ಕ್ರಿಯೆಗೆ ಸಾಕ್ಷಿಯಾಗುವ ಅವಕಾಶವನ್ನು ಕಳೆದುಕೊಂಡವರು ಮುಂದಿನ ಸಲ ಅದೇ ತೊಂದರೆ ಬಂದಾಗ ಮತ್ತೆ ಪರಾಧೀನರೇ. ಹಂಚಿಕೊಂಡ ಪರದೆಯಲ್ಲಿ ನೋಡುತ್ತ ಕುಳಿತವರು ಕಲಿಯುತ್ತಾರೆ, ಪ್ರಶ್ನಿಸುತ್ತಾರೆ, ಕೆಲವೊಮ್ಮೆ ತಪ್ಪನ್ನೂ ಹಿಡಿಯುತ್ತಾರೆ. ವಿಂಡೋಸ್‌ನ ಹೋಮ್ ಆವೃತ್ತಿ ಆರ್‌ಡಿಪಿಯ ಮೂಲಕ ಹೊರಗಿನವರನ್ನು ಒಳಗೆ ಬಿಡುವುದಿಲ್ಲವೆಂಬ, ಎಷ್ಟೋ ಮಂದಿ ಕೊರತೆಯೆಂದು ಭಾವಿಸುವ ಸಂಗತಿ ಈ ದೃಷ್ಟಿಯಿಂದ ದೊಡ್ಡ ನಷ್ಟವೇನಲ್ಲ.

ನೆರವಿನ ಸಂದರ್ಭದಲ್ಲಿ ಇನ್ನೊಂದು ಭೇದವೂ ಮುಖ್ಯ. ಎದುರಿಗಿರುವವರು ಪ್ರತಿಸಲವೂ ಒಪ್ಪಿಗೆಯ ಗುಂಡಿಯನ್ನು ಒತ್ತಿದರೆ ಮಾತ್ರ ಒಳಗೆ ಬಿಡುವ ಏರ್ಪಾಡು ಒಂದು. ಮೊದಲೇ ಇಟ್ಟ ಪಾಸ್‌ವರ್ಡಿನ ಬಲದಿಂದ ಯಾರೂ ಎದುರಿಗಿಲ್ಲದಿದ್ದರೂ ಒಳಗೆ ಬಿಡುವ ಏರ್ಪಾಡು ಇನ್ನೊಂದು. ಶ್ರೀವೈಷ್ಣವ ಸಂಪ್ರದಾಯದ ಎರಡು ಕವಲುಗಳು ಶರಣಾಗತಿಯನ್ನು ವಿವರಿಸಲು ಬಳಸುವ ಎರಡು ನ್ಯಾಯಗಳು, ಎಂದರೆ ದೃಷ್ಟಾಂತಗಳು, ಇಲ್ಲಿ ಬಹಳ ಹೊಂದುತ್ತವೆ. ವಡಗಲೈ ಪಂಥದವರು ಹೇಳುವ ಮರ್ಕಟಕಿಶೋರನ್ಯಾಯದಲ್ಲಿ ಕೋತಿಯ ಮರಿ ತಾನೇ ತಾಯಿಯನ್ನು ತಬ್ಬಿ ಹಿಡಿಯುತ್ತದೆ. ತೆಂಗಲೈ ಪಂಥದವರ ಮಾರ್ಜಾಲಕಿಶೋರನ್ಯಾಯದಲ್ಲಿ ಬೆಕ್ಕಿನ ಮರಿ ಏನನ್ನೂ ಮಾಡದೆ ತಾಯಿಯ ಬಾಯಲ್ಲಿ ತೂಗುತ್ತ ಸಾಗುತ್ತದೆ. ಭಗವಂತನ ವಿಷಯದಲ್ಲಿ ಎರಡನೆಯದಕ್ಕೆ ಆಳವಾದ ಸಮರ್ಥನೆಯಿದೆ, ಏಕೆಂದರೆ ಅಲ್ಲಿ ಎತ್ತಿಕೊಂಡವನು ದೋಷರಹಿತನೂ ಸರ್ವಜ್ಞನೂ ಆಗಿದ್ದಾನೆ. ಮನುಷ್ಯರ ನಡುವೆ, ಎಷ್ಟೇ ಪ್ರೀತಿಯಿದ್ದರೂ, ಅಂಥ ಪೂರ್ಣ ಸಮರ್ಪಣೆಯನ್ನು ಕೇಳುವ ಯೋಗ್ಯತೆ ಯಾರಿಗೂ ಇಲ್ಲ. ಮಕ್ಕಳು ಅಕ್ಕರೆಯಿಂದಲೇ ತಂದೆತಾಯಿಯರ ಯಂತ್ರಕ್ಕೆ ಯಾವಾಗ ಬೇಕಾದರೂ ಹೊಗುವ ಅನುಮತಿಯನ್ನು ಸ್ಥಿರವಾಗಿ ಇಟ್ಟುಕೊಂಡಿರುವ ಮನೆಗಳಲ್ಲಿ, ಆ ಅಕ್ಕರೆ ಕ್ರಮೇಣ ಕಣ್ಗಾವಲಾಗಿ ಬದಲಾಗುವುದಕ್ಕೆ ಕೆಟ್ಟ ಉದ್ದೇಶವೇ ಬೇಕೆಂದಿಲ್ಲ. ನೋಡುವ ಸೌಲಭ್ಯವಿದ್ದರೆ ಸಾಕು. ಆದ್ದರಿಂದ ನೆರವಿಗೆ ಪ್ರತಿಸಲ ಒಪ್ಪಿಗೆ ಕೇಳುವ ಏರ್ಪಾಡೇ ಸಹಜ ನಿಯಮವಾಗಬೇಕು, ಸ್ಥಿರವಾದ ಅನುಮತಿ ಯಂತ್ರದ ಒಡೆಯರೇ ಬಯಸಿ ಕೇಳಿದಾಗಿನ ಅಪವಾದವಾಗಬೇಕು.

ಈ ಒಪ್ಪಿಗೆಯ ವಿಷಯ ಭಾರತದಲ್ಲಿ ಕಹಿಯಾದ ಅನುಭವವನ್ನೂ ಕಂಡಿದೆ. ಬ್ಯಾಂಕಿನವರೆಂದು ಫೋನಿನಲ್ಲಿ ನಂಬಿಸಿ, ದೂರಪ್ರವೇಶದ ಆ್ಯಪನ್ನು ಮೊಬೈಲಿಗೆ ಹಾಕಿಸಿ, ಅದರ ಸಂಖ್ಯೆಯನ್ನು ಕೇಳಿ ಪಡೆದು ಯುಪಿಐ ಮೂಲಕ ಹಣ ದೋಚುವ ವಂಚನೆಯ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕು 2019ರ ಫೆಬ್ರುವರಿಯಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಅಲ್ಲಿ ತಂತ್ರಾಂಶ ಮುರಿದಿರಲಿಲ್ಲ. ತಾನು ರಚಿತವಾದ ರೀತಿಯಲ್ಲಿಯೇ ಅದು ಕೆಲಸ ಮಾಡಿತ್ತು. ಒಪ್ಪಿಗೆಯ ಗುಂಡಿಯನ್ನು ಒತ್ತಿದ ಬೆರಳು ಬಲಿಯಾದವರದೇ. ಅಜ್ಞಾನದಿಂದ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ ಎಂಬುದು ಒಪ್ಪತಕ್ಕ ಮಾತೇ ಆದರೂ, ಯಂತ್ರಕ್ಕೆ ಈ ಭೇದ ತಿಳಿಯದು. ಹಾಗಾಗಿ ಏನನ್ನು ಒಪ್ಪುತ್ತಿದ್ದೇವೆಂಬುದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ನೋಡುವುದಕ್ಕೆ ಮಾತ್ರ ಬಿಡುವುದೇ ಅಥವಾ ನಡೆಸುವುದಕ್ಕೂ ಬಿಡುವುದೇ ಎಂದು ಬಿಡಿಸಿ ಕೇಳುವ ತಂತ್ರಾಂಶವು ಅದನ್ನು ಮಾಡದ ತಂತ್ರಾಂಶಕ್ಕಿಂತ ನೈತಿಕವಾಗಿ ಮೇಲು. ಹೆಚ್ಚಿನವು ಇಂದಿಗೂ ಇಂಗ್ಲಿಷಿನಲ್ಲಿಯೇ ಕೇಳುತ್ತವೆಂಬುದು ಕನ್ನಡ ಬಲ್ಲ ತಂತ್ರಜ್ಞರು ಮನಸ್ಸಿಗೆ ತಂದುಕೊಳ್ಳಬೇಕಾದ ಕೊರತೆ.

ಇನ್ನು ನಡುವಿನ ದಾರಿಯ ವಿಚಾರ. ಮನೆಯ ಒಳಗಿನ ಯಂತ್ರಗಳಿಗೆ ಹೊರಜಗತ್ತಿಗೆ ಕಾಣುವ ವಿಳಾಸ ಸಾಮಾನ್ಯವಾಗಿ ಇರುವುದಿಲ್ಲ; ರೂಟರಿನ ಒಂದೇ ವಿಳಾಸದ ಹಿಂದೆ ಎಲ್ಲವೂ ಅಡಗಿರುತ್ತವೆ. ಭಾರತದ ಅನೇಕ ಇಂಟರ್ನೆಟ್ ಸಂಪರ್ಕಗಳಲ್ಲಿ ರೂಟರಿಗೂ ಸ್ವಂತದ ಸಾರ್ವಜನಿಕ ವಿಳಾಸವಿಲ್ಲದೆ, ಬಹಳ ಮನೆಗಳು ಕಂಪನಿಯ ಒಂದೇ ವಿಳಾಸವನ್ನು ಹಂಚಿಕೊಂಡಿರುತ್ತವೆ. ಹೀಗಾಗಿ ಹೊರಗಿನಿಂದ ನೇರವಾಗಿ ಒಳಗೆ ಬರುವ ದಾರಿ ಇಲ್ಲ. ರೂಟರಿನಲ್ಲಿ ಬಾಗಿಲೊಂದನ್ನು ತೆರೆದಿಟ್ಟು ನೇರ ದಾರಿ ಮಾಡಬಹುದಾದ ಕಡೆಯಲ್ಲಿಯೂ ಅದು ವಿವೇಕವಲ್ಲ. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ಹೆಸರಿನ ದೋಷವೊಂದು ಹಳೆಯ ವಿಂಡೋಸ್ ಆವೃತ್ತಿಗಳ ಆರ್‌ಡಿಪಿಯಲ್ಲಿ ಬಯಲಾದಾಗ, ಪಾಸ್‌ವರ್ಡ್ ತಿಳಿಯದೆಯೇ ಯಂತ್ರವನ್ನು ವಶಪಡಿಸಿಕೊಳ್ಳಬಹುದಾಗಿದ್ದುದರಿಂದ, ಬೆಂಬಲ ನಿಂತು ವರ್ಷಗಳಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತಿದ್ದುಪಡಿ ಹೊರತರಬೇಕಾಯಿತು. ವಿಎನ್‌ಸಿಯ ಮೂಲ ಪದ್ಧತಿಯಲ್ಲಿ ಪಾಸ್‌ವರ್ಡಿನ ಮೊದಲ 8 ಅಕ್ಷರಗಳಿಗೆ ಮಾತ್ರ ಬೆಲೆ, ಮತ್ತು ಒಳಗೆ ಬಂದ ಮೇಲೆ ಪರದೆಯ ಚಿತ್ರ ಗೂಢಲಿಪಿಯಿಲ್ಲದೆ ಬಯಲಿನಲ್ಲಿಯೇ ಹರಿಯುತ್ತದೆ.

ಇದರಿಂದ ತಪ್ಪಿಸಿಕೊಳ್ಳಲು ಬಹುಜನ ಹಿಡಿದದ್ದು ಮಧ್ಯಸ್ಥರ ದಾರಿ. ಜರ್ಮನಿಯಲ್ಲಿ 2005ರಲ್ಲಿ ಹುಟ್ಟಿದ ಟೀಮ್‌ವ್ಯೂವರ್, ಅಲ್ಲಿಯೇ 2014ರಲ್ಲಿ ಹುಟ್ಟಿದ ಎನಿಡೆಸ್ಕ್ ಮೊದಲಾದವುಗಳಲ್ಲಿ ಎರಡೂ ಯಂತ್ರಗಳು ಹೊರಮುಖವಾಗಿ ಸಂಸ್ಥೆಯ ಸರ್ವರನ್ನು ತಲುಪುತ್ತವೆ. ಅದು ಇಬ್ಬರನ್ನೂ ಪರಿಚಯಿಸಿ, ಅಗತ್ಯವಿದ್ದರೆ ಮಾತನ್ನೂ ದಾಟಿಸುತ್ತದೆ. ಮಾತು ಗೂಢಲಿಪಿಯಲ್ಲಿದ್ದರೂ, ಯಾರು ಯಾರೆಂದು ಗುರುತು ಹೇಳುವವನೂ ಯಂತ್ರದಲ್ಲಿ ಕುಳಿತ ತಂತ್ರಾಂಶವನ್ನು ಕಾಲಕಾಲಕ್ಕೆ ಬದಲಾಯಿಸುವವನೂ ಆ ಮಧ್ಯಸ್ಥನೇ. ಅಂತರ್ಯಾಮಿಬ್ರಾಹ್ಮಣವು ವರ್ಣಿಸುವ ನಿಯಂತೃವು ಒಳಗಿದ್ದೂ ಕಾಣದವನು, ತಾನು ಕಾಣದೆಯೇ ಎಲ್ಲವನ್ನೂ ಕಾಣುವವನು. ಆ ಸ್ಥಾನವನ್ನು ಶ್ರುತಿಯು ಒಬ್ಬನಿಗೆ ಮಾತ್ರ ಕೊಟ್ಟಿದೆ. ಲೌಕಿಕವಾದ ಯಾವ ಸಂಸ್ಥೆಯೂ, ಯಾವ ಮನುಷ್ಯನೂ ಒಬ್ಬರ ಯಂತ್ರದೊಳಗೆ ಕಾಣದೆ ಕಾಣುವ ಸ್ಥಾನದಲ್ಲಿ ಕುಳಿತರೆ ಅದಕ್ಕೆ ಗೂಢಚರ್ಯೆ ಎಂದೇ ಹೆಸರು. ದೂರದವರು ಒಳಗಿರುವಷ್ಟು ಹೊತ್ತೂ ಪರದೆಯ ಮೇಲೆ ಎದ್ದುಕಾಣುವ ಗುರುತೊಂದು ಇರಬೇಕು, ಅದನ್ನು ಅಡಗಿಸುವ ಸೌಲಭ್ಯ ಮನೆಯ ಬಳಕೆಯ ತಂತ್ರಾಂಶದಲ್ಲಿ ಇರಲೇಬಾರದು ಎಂಬುದು ಇದರಿಂದ ಬರುವ ನೇರವಾದ ನಿಯಮ.

ಮಧ್ಯಸ್ಥನನ್ನು ನಂಬುವುದು ಹೇಗೆ? ನ್ಯಾಯಶಾಸ್ತ್ರದಲ್ಲಿ ನಂಬಲರ್ಹವಾದ ಮಾತನ್ನು ಆಡುವವನಿಗೆ ಆಪ್ತನೆಂದು ಹೆಸರು. ವಾತ್ಸ್ಯಾಯನನ ಭಾಷ್ಯದ ಪ್ರಕಾರ ವಿಷಯವನ್ನು ಸಾಕ್ಷಾತ್ತಾಗಿ ತಿಳಿದಿರುವುದು ಮತ್ತು ತಿಳಿದಂತೆಯೇ ಹೇಳುವ ಇಚ್ಛೆಯುಳ್ಳವನಾಗಿರುವುದು ಅವನ ಗುರುತು. ಈ ಗುರುತು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಆ ಭಾಷ್ಯ ಹೇಳುತ್ತದೆ. ಕುಲಗೋತ್ರವನ್ನು ಕೇಳದೆ ಗುಣವನ್ನು ಕೇಳುವ ಈ ಲಕ್ಷಣ ತಂತ್ರಾಂಶದ ಸಂಸ್ಥೆಗಳಿಗೂ ಸರಿಯಾಗಿ ಹೊಂದುತ್ತದೆ. 2024ರ ಫೆಬ್ರುವರಿಯಲ್ಲಿ ಎನಿಡೆಸ್ಕ್ ತನ್ನ ಸರ್ವರುಗಳಿಗೆ ಅತಿಕ್ರಮಣವಾಗಿದ್ದನ್ನು ಪ್ರಕಟಿಸಿ, ತನ್ನ ಭದ್ರತಾ ಪ್ರಮಾಣಪತ್ರಗಳನ್ನು ರದ್ದುಪಡಿಸಿ ಬದಲಾಯಿಸಿತು; ಅದೇ ವರ್ಷದ ಜೂನಿನಲ್ಲಿ ಟೀಮ್‌ವ್ಯೂವರ್ ಕೂಡ ತನ್ನ ಕಚೇರಿಯ ಜಾಲಕ್ಕೆ ಹೊರಗಿನವರು ನುಗ್ಗಿದ್ದನ್ನು ತಿಳಿಸಿತು. ದೊಡ್ಡ ಮಧ್ಯಸ್ಥರ ಮನೆಗೂ ಕಳ್ಳರು ಬರುತ್ತಾರೆ ಎಂಬುದಕ್ಕೆ ಇವು ಸಾಕ್ಷಿ. ಬಂದದ್ದನ್ನು ಹೇಳಿಕೊಂಡರು ಎಂಬುದು ಆಪ್ತತೆಯ ಎರಡನೆಯ ಗುರುತಿಗೆ ಸೇರಿದ ಅಂಶ. ಹೇಳದೆ ಮುಚ್ಚಿಡುವ ಸಂಸ್ಥೆ ಎಷ್ಟೇ ಭದ್ರವಾಗಿದ್ದರೂ ಆಪ್ತವಲ್ಲ.

ಹಾಗಾದರೆ ಯಾರನ್ನೂ ನಂಬದೆ, ಎಲ್ಲರೂ ಓದಬಹುದಾದ ಮೂಲಸಂಕೇತವುಳ್ಳ ಮುಕ್ತ ತಂತ್ರಾಂಶವನ್ನೇ ಹಿಡಿದರೆ ಸಂಶಯ ತೀರುತ್ತದೆಯೇ? ಕೆನ್ ಥಾಮ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ತೋರಿಸಿದ್ದು ಇದಕ್ಕೆ ತಣ್ಣೀರೆರಚುತ್ತದೆ: ಮೂಲಸಂಕೇತವನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿನಲ್ಲಿಯೇ ಕಳ್ಳಬಾಗಿಲನ್ನು ಅಡಗಿಸಿದರೆ ಯಾವ ಮೂಲಸಂಕೇತದಲ್ಲಿಯೂ ಅದರ ಕುರುಹು ಕಾಣದು. ಕಂಪೈಲರನ್ನು ಪರೀಕ್ಷಿಸುವ ಸಾಧನವನ್ನು ಪರೀಕ್ಷಿಸಲು ಇನ್ನೊಂದು ಸಾಧನ, ಅದಕ್ಕೆ ಮತ್ತೊಂದು. ಇದು ಭಾರತೀಯ ತರ್ಕವು ಅನವಸ್ಥೆಯೆಂದು ಕರೆಯುವ, ಎಲ್ಲಿಯೂ ನಿಲ್ಲದ ಸರಪಳಿ. ಜ್ಞಾನದ ಪ್ರಾಮಾಣ್ಯವು ಬೇರೆ ಸಾಧನದಿಂದ ಗೊತ್ತಾಗುತ್ತದೆಂದ ನೈಯಾಯಿಕರ ಮೇಲೆ ಮೀಮಾಂಸಕರು ಹೊರಿಸಿದ ದೋಷವೂ ಇದೇ. ಕುಮಾರಿಲಭಟ್ಟರ ನಿಲುವಿನಂತೆ ಜ್ಞಾನವು ತಾನಾಗಿಯೇ ಪ್ರಮಾಣ. ಅದನ್ನು ಅಲ್ಲಗಳೆಯುವ ಬಾಧಕಜ್ಞಾನವೋ, ಅದು ಹುಟ್ಟಿದ ಕಾರಣದಲ್ಲಿನ ದೋಷದ ಅರಿವೋ ಬಂದಾಗ ಮಾತ್ರ ಅದು ಬಿದ್ದುಹೋಗುತ್ತದೆ. ತಂತ್ರಾಂಶದ ವಿಷಯದಲ್ಲಿ ಈ ನಿಲುವು ಹೆಚ್ಚು ಬಾಳಿಕೆಯದು. ಮನೆಯವರು ಪ್ರತಿಯೊಂದು ಸಾಲನ್ನೂ ಓದಿ ನಂಬಬೇಕೆಂದರೆ ಯಾರೂ ಏನನ್ನೂ ಬಳಸಲಾರರು. ಬಾಧಕವೊಂದಿದ್ದರೆ ಅದು ಬೆಳಕಿಗೆ ಬರಲು ದಾರಿ ತೆರೆದಿರುವಂಥದನ್ನು ಆರಿಸಿಕೊಂಡು, ಬಂದ ಕೂಡಲೇ ಎಚ್ಚೆತ್ತುಕೊಳ್ಳುವುದು ಸಾಧ್ಯವಿರುವ ಕೆಲಸ.

2024ರ ಮಾರ್ಚ್ ತಿಂಗಳ ಕೊನೆಯಲ್ಲಿ ನಡೆದದ್ದು ಈ ಮಾತಿಗೆ ನಿದರ್ಶನ. ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ಮುಕ್ತ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ವರ್ಷಗಟ್ಟಲೆ ವಿಶ್ವಾಸ ಗಳಿಸಿ ಒಳಗೆ ಸೇರಿದ್ದ ಯಾರೋ, ಕೆಲವು ಲಿನಕ್ಸ್ ವ್ಯವಸ್ಥೆಗಳ ಎಸ್‌ಎಸ್‌ಎಚ್ ಪ್ರವೇಶವನ್ನು ವಶಪಡಿಸಿಕೊಳ್ಳುವ ಕಳ್ಳಬಾಗಿಲನ್ನು ಇಟ್ಟಿದ್ದರು. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರಿಗೆ ಎಸ್‌ಎಸ್‌ಎಚ್ ಪ್ರವೇಶ ಸುಮಾರು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದು ಕಂಡು, ಅದರ ಕಾರಣವನ್ನು ಬೆನ್ನಟ್ಟಿದಾಗ ಕಳ್ಳಬಾಗಿಲು ಸಿಕ್ಕಿತು. ಮುಕ್ತತೆ ಅಪಾಯವನ್ನು ತಡೆಯಲಿಲ್ಲ. ಆದರೆ ಆ ತಂತ್ರಾಂಶದ ತಂಡಕ್ಕೆ ಸೇರದ ಒಬ್ಬರು ಬಾಧಕಜ್ಞಾನವನ್ನು ಪಡೆದು ಲೋಕಕ್ಕೆ ಸಾರಲು ಅದು ಎಡೆಕೊಟ್ಟಿತು. ಮುಚ್ಚಿದ ತಂತ್ರಾಂಶದಲ್ಲಿ ಆ ಅರ್ಧ ಸೆಕೆಂಡು ಬರಿಯ ನಿಧಾನವಾಗಿಯೇ ಉಳಿಯುವ ಸಂಭವ ಹೆಚ್ಚು.

ಇಷ್ಟನ್ನು ಒಟ್ಟಿಗೆ ಇಟ್ಟುಕೊಂಡು ಆರಿಸುವವರಿಗೆ ಕೆಲವು ದಾರಿಗಳು ಉಳಿದವುಗಳಿಗಿಂತ ಹೆಚ್ಚು ಯೋಗ್ಯವಾಗಿ ಕಾಣುತ್ತವೆ. ಜೇಸನ್ ಡೊನೆನ್‌ಫೆಲ್ಡ್ ರಚಿಸಿದ, 2020ರ ಮಾರ್ಚಿನಲ್ಲಿ ಲಿನಕ್ಸ್ ಕರ್ನಲಿನ 5.6 ಆವೃತ್ತಿಯೊಳಗೆ ಸೇರಿದ ವೈರ್‌ಗಾರ್ಡ್ ಎಂಬ ಸುರಂಗಮಾರ್ಗದ ಪದ್ಧತಿಯಲ್ಲಿ ಪ್ರತಿಯೊಂದು ಯಂತ್ರಕ್ಕೂ ಒಂದು ಗುಪ್ತ ಕೀಲಿ, ಒಂದು ಬಹಿರಂಗ ಕೀಲಿ ಇರುತ್ತವೆ. ಗುಪ್ತ ಕೀಲಿ ಯಂತ್ರವನ್ನು ಬಿಟ್ಟು ಹೊರಗೆ ಹೋಗಬೇಕಾಗಿಲ್ಲ, ಗುರುತಿಲ್ಲದವರು ಬಾಗಿಲು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ಮನೆಗೆ ಸಾರ್ವಜನಿಕ ವಿಳಾಸವಿಲ್ಲದಿದ್ದರೆ ಅದೇ ಪದ್ಧತಿಯ ಮೇಲೆ ನಿಂತ ಟೇಲ್‌ಸ್ಕೇಲ್‌ನಂಥ ಸೇವೆ ಬೇಕಾಗುತ್ತದೆ. ಅಲ್ಲಿಯೂ ಮಧ್ಯಸ್ಥನಿದ್ದಾನೆ, ಆದರೆ ಅವನ ಕೆಲಸ ಬಹಿರಂಗ ಕೀಲಿಗಳನ್ನು ಪರಿಚಯಿಸುವುದಕ್ಕೆ ಮತ್ತು ತಾನು ಓದಲಾರದ ಮಾತನ್ನು ದಾಟಿಸುವುದಕ್ಕೆ ಸೀಮಿತವಾಗಿದೆ. ಪರಿಚಯಿಸುವವನು ಅಪರಿಚಿತನನ್ನು ಕರೆತರಬಹುದೆಂಬ ಸಂಶಯ ಉಳಿದೇ ಇರುತ್ತದೆ, ಅದನ್ನು ಕಡೆಗಣಿಸಬಾರದು. ಇಂಥ ಸುರಂಗದ ಒಳಗೆ, ತನ್ನದೇ ಯಂತ್ರಕ್ಕೆ ಆರ್‌ಡಿಪಿಯೋ ಎಸ್‌ಎಸ್‌ಎಚ್ಚೋ, ಇನ್ನೊಬ್ಬರ ನೆರವಿಗೆ ಪರದೆ ಹಂಚಿಕೊಳ್ಳುವ ವಿಎನ್‌ಸಿಯ ಬಗೆಯೋ ಹಿಡಿಸುತ್ತದೆ. ಮಧ್ಯಸ್ಥ ಸರ್ವರನ್ನು ಸ್ವಂತವಾಗಿಯೇ ನಡೆಸಬಯಸುವವರಿಗೆ ರಸ್ಟ್‌ಡೆಸ್ಕ್ ಎಂಬ ಮುಕ್ತ ತಂತ್ರಾಂಶ ಅದಕ್ಕೆ ಅವಕಾಶ ಕೊಡುತ್ತದೆ. ಇದನ್ನೆಲ್ಲ ಸಜ್ಜುಗೊಳಿಸುವ ಶಕ್ತಿ ಎಲ್ಲ ಮನೆಗಳಿಗೂ ಇರುವುದಿಲ್ಲವೆಂಬುದು ನಿಜ. ಅಂಥವರು ಹೆಸರಾಂತ ಮಧ್ಯಸ್ಥ ತಂತ್ರಾಂಶವನ್ನು ನೆರವಿನ ಹೊತ್ತಿಗೆ ಮಾತ್ರ ತೆರೆದು, ಕೆಲಸ ಮುಗಿದೊಡನೆ ಮುಚ್ಚುವುದು ತಪ್ಪಲ್ಲ. ಅದನ್ನು ಹಗಲಿರುಳೂ ಹಿನ್ನೆಲೆಯಲ್ಲಿ ಓಡಲು ಬಿಡುವುದು ಬೇರೆ ಮಾತು.

ರಾಮಾನುಜರ ಲಕ್ಷಣದಲ್ಲಿ ಇನ್ನೂ ಬಳಸದೆ ಉಳಿದ ಒಂದು ಅಂಶವಿದೆ. ಶರೀರವು ಚೇತನನಿಂದ ಧರಿಸಲ್ಪಟ್ಟಿರುವುದರಿಂದ, ಚೇತನನು ಅಗಲಿದರೆ ಅದು ಶರೀರವಾಗಿ ಉಳಿಯದೆ ಚದುರಿಹೋಗುತ್ತದೆ. ಸಂಬಂಧ ಮುಗಿದಾಗ ನಿಯಂತೃತ್ವವೂ ಮುಗಿಯುತ್ತದೆ. ದೂರಪ್ರವೇಶದಲ್ಲಿ ಹಾಗಾಗುವುದಿಲ್ಲ. ಮನೆಯ ಯಂತ್ರಕ್ಕೆ ಒಮ್ಮೆ ಸೇರಿಸಿದ ಕೀಲಿ, ಅದನ್ನು ಪಡೆದವರು ಮನೆಯನ್ನು ತೊರೆದರೂ, ದಾಂಪತ್ಯ ಮುರಿದರೂ, ರಿಪೇರಿಗೆ ಬಂದವರ ಕೆಲಸ ಮುಗಿದು ವರ್ಷಗಳಾದರೂ, ಕೊನೆಗೆ ಆ ವ್ಯಕ್ತಿಯೇ ತೀರಿಹೋಗಿ ಅವರ ಲ್ಯಾಪ್‌ಟಾಪು ಯಾರದೋ ಕೈಗೆ ಸೇರಿದರೂ, ತಾನು ಹಾಗೆಯೇ ಬಾಗಿಲು ತೆರೆಯುತ್ತಿರುತ್ತದೆ. ಶೇಷತ್ವವೂ ಧಾರಣೆಯೂ ಇಲ್ಲದ ಬರಿಯ ನಿಯಂತೃತ್ವ, ಸಂಬಂಧವಿಲ್ಲದ ಶಕ್ತಿ, ಇಲ್ಲಿ ಯಂತ್ರದ ನೆನಪಿನಲ್ಲಿ ಉಳಿದುಕೊಂಡುಬಿಡುತ್ತದೆ. ಆದ್ದರಿಂದ ಯಾರಿಗೆಲ್ಲ ಪ್ರವೇಶವಿದೆಯೆಂಬ ಪಟ್ಟಿಯನ್ನು ಯಂತ್ರದ ಎದುರಿಗೆ ಕುಳಿತವರೇ, ಮಕ್ಕಳ ನೆರವಿಲ್ಲದೆ, ತೆರೆದು ಓದಬಲ್ಲ ಮತ್ತು ಹೆಸರೊಂದನ್ನು ಅಳಿಸಬಲ್ಲ ಸೌಲಭ್ಯವು ವೇಗಕ್ಕಿಂತಲೂ ಚಿತ್ರದ ಸ್ಪಷ್ಟತೆಗಿಂತಲೂ ಮೊದಲು ನೋಡಬೇಕಾದ ಗುಣ. ಓಪನ್‌ಎಸ್‌ಎಸ್‌ಎಚ್‌ನಲ್ಲಿ 2018ರ 7.7 ಆವೃತ್ತಿಯಿಂದೀಚೆಗೆ, ಒಂದು ಕೀಲಿಯನ್ನು ಅನುಮತಿಯ ಕಡತಕ್ಕೆ ಸೇರಿಸುವಾಗಲೇ ಅದು ಯಾವ ದಿನಕ್ಕೆ ನಿರರ್ಥಕವಾಗಬೇಕೆಂಬುದನ್ನು ಅದರ ಪಕ್ಕದಲ್ಲಿ ಬರೆದಿಡಬಹುದು.